ಮೆರವಣಿಗೆಗೆ ಒಡೆಯರು ಯಾರು?

ಮೆರವಣಿಗೆ ನಡೆಯುವುದು ಎಲ್ಲರಿಗೂ ಸೇರಿದ ರಸ್ತೆಯಲ್ಲಾದರೂ ಅದು ಹೊರಡುವುದು ಯಾರದೋ ಅಂಗಳದಿಂದ, ಮುಟ್ಟುವುದು ಯಾರದೋ ಬಾಗಿಲನ್ನು. ಹೊರಡುವ ಅಂಗಳವೂ ಮುಟ್ಟುವ ಬಾಗಿಲೂ ಯಾರದೆಂದು ತಿಳಿದರೆ ಅದರ ಒಡೆತನ ಯಾರದೆಂಬುದೂ ತಿಳಿಯುತ್ತದೆ. ದೇವರ ಉತ್ಸವ ಗುಡಿಯಿಂದ ಹೊರಟು ಗುಡಿಗೇ ಮರಳುತ್ತದೆ, ದಿಬ್ಬಣ ಒಂದು ಮನೆಯಿಂದ ಹೊರಟು ಇನ್ನೊಂದು ಮನೆಯ ಚಪ್ಪರ ಸೇರುತ್ತದೆ, ಅರಸನ ಸವಾರಿ ಅರಮನೆಯ ಹೆಬ್ಬಾಗಿಲು ದಾಟಿ ಊರಾಚೆಯ ಬನ್ನಿಮರದವರೆಗೆ ಹೋಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ತರ ಅಮೆರಿಕದ ನಗರಗಳು ಇವುಗಳ ಸಾಲಿಗೆ ಇನ್ನೊಂದು ಬಗೆಯನ್ನು ಸೇರಿಸಿದವು: ಅಂಗಡಿಯೊಂದು ತನ್ನ ಖರ್ಚಿನಲ್ಲಿ, ತನ್ನ ನೌಕರರನ್ನೇ ವೇಷ ಕಟ್ಟಿಸಿ, ಕ್ರಿಸ್‌ಮಸ್‌ಗೆ ಕೆಲವು ವಾರ ಮೊದಲು ಹೊರಡಿಸುವ, ತನ್ನ ಬಾಗಿಲಿನಲ್ಲೇ ಮುಗಿಯುವ ಮೆರವಣಿಗೆ. ಅಂಥದೊಂದು ಮೆರವಣಿಗೆಯನ್ನು ಶಿವಮೊಗ್ಗವಾಗಲಿ ಭದ್ರಾವತಿಯಾಗಲಿ ಕಂಡಿಲ್ಲ. ಆದರೆ ಒಡೆಯ ಬಿಟ್ಟುಹೋದ ಮೇಲೆ ಮೆರವಣಿಗೆಯ ಗತಿಯೇನು ಎಂಬ ಪ್ರಶ್ನೆ ಆ ನಗರಗಳಿಗಿಂತ ಮೊದಲೇ ಮೈಸೂರಿಗೆ ಎದುರಾಗಿತ್ತು. ಅದಕ್ಕೆ ಮೈಸೂರು ಕಂಡುಕೊಂಡ ಉತ್ತರದ ನೆರಳು ಇಂದಿಗೂ ಪ್ರತಿ ವಿಜಯದಶಮಿಯಂದು ಶಿವಮೊಗ್ಗದ ರಸ್ತೆಗಳ ಮೇಲೆ ಬೀಳುತ್ತದೆ.

ಡಿಪಾರ್ಟ್‌ಮೆಂಟ್ ಸ್ಟೋರ್ ಎಂದರೆ ಬಟ್ಟೆ, ಪಾತ್ರೆ, ಪೀಠೋಪಕರಣ, ಆಟಿಕೆ ಮೊದಲಾದ ಬೇರೆ ಬೇರೆ ವಿಭಾಗಗಳನ್ನು ಒಂದೇ ಸೂರಿನಡಿ ಇಟ್ಟುಕೊಂಡ, ಪ್ರತಿ ವಸ್ತುವಿಗೂ ನಿಗದಿತ ಬೆಲೆಯ ಚೀಟಿ ಅಂಟಿಸಿದ, ಕೊಳ್ಳದಿದ್ದರೂ ಒಳಗೆ ಬಂದು ನೋಡಿಹೋಗಲು ಅಡ್ಡಿಯಿಲ್ಲದ ದೊಡ್ಡ ಮಳಿಗೆ. 1852ರಲ್ಲಿ ಪ್ಯಾರಿಸಿನ ಬಾನ್ ಮಾರ್ಶೆ ಮಳಿಗೆಯಲ್ಲಿ ಪಾಲುದಾರನಾಗಿ ಸೇರಿದ ಅರಿಸ್ಟೀಡ್ ಬುಸಿಕೋ ಈ ಪದ್ಧತಿಗೆ ರೂಪ ಕೊಟ್ಟವರಲ್ಲಿ ಪ್ರಮುಖ. ನ್ಯೂಯಾರ್ಕಿನಲ್ಲಿ ರೋಲೆಂಡ್ ಮೇಸಿ 1858ರಲ್ಲಿ ಅಂಗಡಿ ತೆರೆದ. ಐರ್ಲೆಂಡಿನಿಂದ ಕೆನಡಾಕ್ಕೆ ವಲಸೆ ಬಂದಿದ್ದ ತಿಮೋತಿ ಈಟನ್ 1869ರಲ್ಲಿ ಟೊರಾಂಟೊದ ಯಂಗ್ ಸ್ಟ್ರೀಟಿನಲ್ಲಿ ಅಂಗಡಿಯಿಟ್ಟು, ಉದ್ದರಿ ಇಲ್ಲ, ಚೌಕಾಸಿ ಇಲ್ಲ, ಮಾಲು ಹಿಡಿಸದಿದ್ದರೆ ಹಣ ವಾಪಸು ಎಂಬ ಮೂರು ಕಟ್ಟಳೆ ಹಾಕಿಕೊಂಡ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ವ್ಯಾಪಾರ ನಡೆದುಬಂದದ್ದು ಬಹುಕಾಲ ಇದಕ್ಕೆ ತೀರಾ ವಿರುದ್ಧವಾಗಿ. ಅಲ್ಲಿ ಗಿರಾಕಿ ಅಂಗಡಿಯವನಿಗೆ ಗುರುತಿನವನು, ಬೆಲೆ ಮಾತಿನಲ್ಲಿ ಇಳಿಯುವಂಥದು, ಬಾಕಿ ಮುಂದಿನ ಫಸಲಿನವರೆಗೆ ಖಾತೆಯಲ್ಲಿ ನಿಲ್ಲುವಂಥದು. ಗಿರಾಕಿಯ ಗುರುತೇ ಬಂಡವಾಳವಾದ ಅಂಗಡಿಗೆ ಮೆರವಣಿಗೆಯ ಅಗತ್ಯವಿಲ್ಲ. ಗುರುತಿಲ್ಲದ ಸಾವಿರಾರು ಜನ ಒಂದೇ ತಿಂಗಳಲ್ಲಿ ನಗದು ಹಿಡಿದು ಬಾಗಿಲಿಗೆ ಬರಬೇಕೆನ್ನುವ ಅಂಗಡಿಗೆ ಮಾತ್ರ ಜನರಿರುವ ರಸ್ತೆಗೆ ತಾನೇ ಇಳಿಯಬೇಕಾಗುತ್ತದೆ.

ಈಟನ್ ಮಳಿಗೆ ಆ ಕೆಲಸ ಮಾಡಿದ್ದು 1905ರ ಡಿಸೆಂಬರ್ 2ರಂದು. ಕ್ರಿಸ್‌ಮಸ್ ಉಡುಗೊರೆ ತರುವನೆಂದು ಮಕ್ಕಳು ನಂಬುವ ಸಾಂತಾ ಕ್ಲಾಸ್ ವೇಷಧಾರಿಯೊಬ್ಬ ಟೊರಾಂಟೊದ ರೈಲು ನಿಲ್ದಾಣದಲ್ಲಿ ಇಳಿದು ಅಂಗಡಿಯ ಬಾಗಿಲವರೆಗೆ ಸಾಗಿದ್ದಷ್ಟೇ ಅಂದಿನ ಮೆರವಣಿಗೆ. ಇದ್ದದ್ದು ಒಂದೇ ಬಂಡಿ. ಅಂಗಡಿಯಿಂದ ಹೊರಡುವ ಬದಲು ಅದು ನಿಲ್ದಾಣದಿಂದ ಹೊರಟದ್ದರಲ್ಲಿ ಜಾಣತನವಿತ್ತು. ಸಾಂತಾ ದೂರದ ಉತ್ತರ ಧ್ರುವದಿಂದ ಬರುವವನು, ಅವನು ಅಂಗಡಿಯ ನೌಕರನಲ್ಲ, ಅಂಗಡಿಯ ಅತಿಥಿ ಎಂಬ ಭಾವನೆಯನ್ನು ಆ ದಾರಿಯೇ ಹುಟ್ಟಿಸುತ್ತಿತ್ತು. 1913ರಲ್ಲಿ ಅವನ ಬಂಡಿಗೆ ಲ್ಯಾಬ್ರಡಾರಿನಿಂದ ತರಿಸಿದ ನಿಜವಾದ ಹಿಮಸಾರಂಗಗಳನ್ನು ಕಟ್ಟಲಾಯಿತು, 1919ರಲ್ಲಿ ಅವನು ವಿಮಾನದಲ್ಲಿ ಬಂದಿಳಿದ. ಹೊಸ ವಾಹನವೊಂದು ಲೋಕಕ್ಕೆ ಬಂದಾಗಲೆಲ್ಲ ಅದರಲ್ಲಿ ಮೊದಲು ಕೂರುವ ಹಕ್ಕನ್ನು ಅರಸರೂ ದೇವರೂ ಪಡೆದಿರುತ್ತಾರೆ; ಟೊರಾಂಟೊದಲ್ಲಿ ಅದು ಆಟಿಕೆ ವಿಭಾಗದ ಅತಿಥಿಗೆ ದಕ್ಕಿತು. ಮುಂದೆ ಶಿಶುಗೀತೆಗಳ ಕಥೆ ಹೇಳುವ ಬಂಡಿಗಳು ಒಂದೊಂದಾಗಿ ಸೇರಿ, ಅವುಗಳ ತಯಾರಿಗೆಂದೇ ಬಡಗಿಗಳು, ಚಿತ್ರಕಾರರು, ದರ್ಜಿಗಳು ವರ್ಷವಿಡೀ ದುಡಿಯುವ ಕಾರ್ಯಾಗಾರ ಬೆಳೆಯಿತು.

ಬಂಡಿ ಎಂಬ ಮಾತಿಗೆ ಇಲ್ಲಿ ಕೊಂಚ ವಿವರಣೆ ಬೇಕು. ಇಂಗ್ಲಿಷಿನವರು ಫ್ಲೋಟ್ ಎನ್ನುವ, ಗಾಡಿಯ ಮೇಲೆ ಕಟ್ಟಿದ ಈ ಅಲಂಕೃತ ದೃಶ್ಯಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಹೆಸರು ಸ್ತಬ್ಧಚಿತ್ರ. ಚಕ್ರದ ಮೇಲೆ ಚಲಿಸುವುದನ್ನು ಸ್ತಬ್ಧ ಎನ್ನುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ ಹೆಸರಿಟ್ಟವರ ಕಣ್ಣು ಗಾಡಿಯ ಮೇಲಲ್ಲ, ಅದರ ಮೇಲೆ ಅಲುಗದೆ ನಿಂತ ದೃಶ್ಯದ ಮೇಲಿತ್ತು ಎಂಬುದನ್ನು ನೆನೆದರೆ ಆ ಪದವೇ ಹೆಚ್ಚು ಸರಿ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಜೋಡಿಸಿಟ್ಟ ಗೊಂಬೆಗಳ ದೃಶ್ಯವೂ ಸ್ತಬ್ಧಚಿತ್ರವೇ ಆದ್ದರಿಂದ, ಅದಕ್ಕೆ ಚಕ್ರ ಕಟ್ಟಿ ರಸ್ತೆಗಿಳಿಸಿದರೆ ಡಿಪಾರ್ಟ್‌ಮೆಂಟ್ ಸ್ಟೋರಿನ ಮೆರವಣಿಗೆಯಾಗುತ್ತದೆ. ಈ ಮೆರವಣಿಗೆಗಳ ಅನುಕ್ರಮ ಎಲ್ಲ ಊರುಗಳಲ್ಲೂ ಒಂದೇ ಆಗಿತ್ತು: ಮುಂದೆ ವಾದ್ಯದವರು, ನಡುವೆ ಕಥೆಯ ದೃಶ್ಯಗಳು, ಎಲ್ಲಕ್ಕಿಂತ ಕೊನೆಗೆ ಸಾಂತಾ. ಜನ ಗಂಟೆಗಟ್ಟಲೆ ನಿಂತು ಕಾಯುವುದು ಕೊನೆಯವನಿಗಾಗಿ; ಅವನು ಹಾದುಹೋದನೆಂದರೆ ಗುಂಪು ತಾನಾಗಿ ಅವನ ಹಿಂದೆ ನಡೆದು ಅಂಗಡಿಯೊಳಗೆ ಸೇರುತ್ತದೆ. ಫಿಲಡೆಲ್ಫಿಯಾದಲ್ಲಿ ಗಿಂಬೆಲ್ ಮಳಿಗೆ 1920ರಲ್ಲಿ ಆರಂಭಿಸಿದ ಮೆರವಣಿಗೆಯಲ್ಲಿ ಸುಮಾರು 50 ಮಂದಿ ನೌಕರರಿದ್ದರು. ಅಲ್ಲಿ ಸಾಂತಾ ವೇಷದ ಅಗ್ನಿಶಾಮಕ ಸಿಬ್ಬಂದಿಯೊಬ್ಬ ಏಣಿ ಹತ್ತಿ ಎಂಟನೆಯ ಮಹಡಿಯ ಆಟಿಕೆ ವಿಭಾಗದ ಕಿಟಕಿಯಿಂದ ಒಳಹೋಗುತ್ತಿದ್ದನೆಂಬ ವಿವರದಲ್ಲಿ ಈ ಏರ್ಪಾಡಿನ ಉದ್ದೇಶ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ನ್ಯೂಯಾರ್ಕಿನ ಮೇಸಿ ಮಳಿಗೆಯದು ಇವುಗಳಲ್ಲಿ ಹೆಚ್ಚು ಹೆಸರಾದದ್ದು. 1924ರ ನವೆಂಬರ್ 27ರಂದು, ಅಮೆರಿಕನ್ನರು ಸುಗ್ಗಿಯ ಕೃತಜ್ಞತೆಗೆಂದು ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ, ಅದು 145ನೆಯ ಬೀದಿಯಿಂದ ಹೊರಟು 34ನೆಯ ಬೀದಿಯಲ್ಲಿದ್ದ ತನ್ನ ಅಂಗಡಿಯನ್ನು ಮುಟ್ಟಿತು. ನಡೆದದ್ದು ಥ್ಯಾಂಕ್ಸ್‌ಗಿವಿಂಗ್ ದಿನವಾದರೂ ಅಂದು ಇಟ್ಟ ಹೆಸರು ಮೇಸಿಯ ಕ್ರಿಸ್‌ಮಸ್ ಮೆರವಣಿಗೆ ಎಂದೇ. ಹಬ್ಬ ಯಾವುದಾದರೇನು, ಕಣ್ಣು ಮಾತ್ರ ಮುಂದಿನ ತಿಂಗಳ ವ್ಯಾಪಾರದ ಮೇಲೆ. ವೇಷ ತೊಟ್ಟ ನೌಕರರ ಜೊತೆಗೆ ಸೆಂಟ್ರಲ್ ಪಾರ್ಕಿನ ಮೃಗಾಲಯದಿಂದ ಎರವಲು ತಂದ ಆನೆ, ಒಂಟೆ, ಕರಡಿಗಳು ಹೆಜ್ಜೆ ಹಾಕಿದವು. ಪ್ರಾಣಿಗಳ ಗರ್ಜನೆಗೆ ಮಕ್ಕಳು ಹೆದರಿದ್ದರಿಂದ ಮೂರೇ ವರ್ಷಕ್ಕೆ, ಅಂದರೆ 1927ರಲ್ಲಿ, ಅವುಗಳ ಜಾಗಕ್ಕೆ ರಬ್ಬರಿನ ದೈತ್ಯ ಗೊಂಬೆಗಳು ಬಂದವು. ಅವುಗಳನ್ನು ರೂಪಿಸಿದವನು ಮೇಸಿಯ ಕಿಟಕಿಗಳನ್ನು ಅಲಂಕರಿಸುತ್ತಿದ್ದ ಸೂತ್ರದ ಗೊಂಬೆಯಾಟಗಾರ ಟೋನಿ ಸಾರ್ಗ್. ಸೂತ್ರದ ಗೊಂಬೆಯಲ್ಲಿ ಆಡಿಸುವವನು ಮೇಲೆ ನಿಂತು ದಾರ ಕೆಳಗೆ ಬಿಡುತ್ತಾನೆ; ಸಾರ್ಗ್ ಅದನ್ನೇ ತಲೆಕೆಳಗು ಮಾಡಿ, ಗಾಳಿಗಿಂತ ಹಗುರವಾದ ಹೀಲಿಯಂ ಅನಿಲ ತುಂಬಿದ ಗೊಂಬೆಯನ್ನು ಮೇಲೆ ತೇಲಿಸಿ, ಆಡಿಸುವವರನ್ನು ಕೆಳಗೆ ರಸ್ತೆಯಲ್ಲಿ ನಡೆಸಿ, ದಾರವನ್ನು ಅವರ ಕೈಗೆ ಕೊಟ್ಟ. ಕೆಲವು ವರ್ಷ ಮೆರವಣಿಗೆಯ ಕೊನೆಯಲ್ಲಿ ಗೊಂಬೆಗಳ ದಾರ ಬಿಟ್ಟು ಆಕಾಶಕ್ಕೆ ಹಾರಿಸಿ, ಬಿದ್ದಲ್ಲಿಂದ ಹುಡುಕಿ ತಂದವರಿಗೆ ಅಂಗಡಿ ಬಹುಮಾನ ಕೊಡುತ್ತಿತ್ತು. 1932ರಲ್ಲಿ ವಿಮಾನ ನಡೆಸುತ್ತಿದ್ದವರೊಬ್ಬರು ಹಾರುತ್ತಿದ್ದ ಗೊಂಬೆಯನ್ನು ಬೆನ್ನಟ್ಟಿ ಅಪಾಯಕ್ಕೆ ಸಿಕ್ಕಿಕೊಂಡದ್ದರಿಂದ ಆ ಪದ್ಧತಿ ನಿಂತಿತು. 1942ರಿಂದ 1944ರವರೆಗೆ ಮೆರವಣಿಗೆಯೇ ಇರಲಿಲ್ಲ. ಗೊಂಬೆಗಳ ರಬ್ಬರನ್ನು ಯುದ್ಧದ ಕೆಲಸಕ್ಕೆ ಸರ್ಕಾರಕ್ಕೆ ಒಪ್ಪಿಸಲಾಯಿತು.

ಈ ಅಂಗಡಿಗಳ ಕೈ ಎಷ್ಟು ಉದ್ದವಿತ್ತೆಂಬುದು ಮೆರವಣಿಗೆಗಿಂತ ಹೆಚ್ಚಾಗಿ ಪಂಚಾಂಗದಲ್ಲಿ ಕಾಣುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರಿನ ಕೊನೆಯ ಗುರುವಾರ ನಡೆಯುವುದು ಸಂಪ್ರದಾಯವಾಗಿತ್ತು. 1939ರಲ್ಲಿ ನವೆಂಬರಿಗೆ ಐದು ಗುರುವಾರಗಳು ಬಿದ್ದು ಹಬ್ಬ 30ನೆಯ ತಾರೀಖಿಗೆ ಹೋಯಿತು. ಹಬ್ಬ ಮುಗಿಯುವವರೆಗೆ ಕ್ರಿಸ್‌ಮಸ್ ಖರೀದಿ ಆರಂಭವಾಗುವುದಿಲ್ಲವಾದ್ದರಿಂದ ವ್ಯಾಪಾರದ ದಿನಗಳು ಕಡಿಮೆಯಾಗುತ್ತವೆಂದು ದೊಡ್ಡ ಅಂಗಡಿಗಳ ಒಡೆಯರು ದೂರಿಟ್ಟರು. ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆಳೆದು 23ಕ್ಕೆ ಗೊತ್ತುಮಾಡಿದ. ಕೆಲವು ರಾಜ್ಯಗಳು ಅದನ್ನು ಒಪ್ಪಿದವು, ಕೆಲವು ಹಳೆಯ ದಿನವನ್ನೇ ಹಿಡಿದವು. ಎರಡು ವರ್ಷ ಎಳೆದಾಡಿದ ಮೇಲೆ 1941ರ ಡಿಸೆಂಬರಿನಲ್ಲಿ ನವೆಂಬರಿನ ನಾಲ್ಕನೆಯ ಗುರುವಾರವೆಂದು ಕಾನೂನು ಮಾಡಬೇಕಾಯಿತು. ತಿಥಿ ನೋಡಿ ಹಬ್ಬ, ಹಬ್ಬ ನೋಡಿ ವ್ಯಾಪಾರ ಎಂಬ ಕ್ರಮಕ್ಕೆ ಒಗ್ಗಿದವರಿಗೆ ವ್ಯಾಪಾರ ನೋಡಿ ತಿಥಿ ಎಂಬುದು ವಿನೋದವಾಗಿ ಕಾಣಬಹುದು. ಆದರೆ ಆಷಾಢದಲ್ಲಿ ಬಟ್ಟೆ ಅಂಗಡಿಗಳು ರಿಯಾಯಿತಿ ಫಲಕ ತೂಗುಹಾಕುವ ಊರುಗಳವರು ಪೂರ್ತಿ ನಗುವಂತೆಯೂ ಇಲ್ಲ.

ಹಿಮವಿಲ್ಲದ ನಾಡುಗಳಿಗೂ ಈ ಮೆರವಣಿಗೆ ಹಬ್ಬಿತು. ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ಜಾನ್ ಮಾರ್ಟಿನ್ ಮಳಿಗೆಯ ಎಡ್ವರ್ಡ್ ಹೇವರ್ಡ್ 1933ರ ನವೆಂಬರಿನಲ್ಲಿ, ಆರ್ಥಿಕ ಮುಗ್ಗಟ್ಟು ಜನರ ಜೇಬನ್ನೂ ಮನಸ್ಸನ್ನೂ ಹಿಂಡಿದ್ದ ಕಾಲದಲ್ಲಿ, ಎಂಟು ಸ್ತಬ್ಧಚಿತ್ರ ಮತ್ತು ಮೂರು ವಾದ್ಯತಂಡಗಳೊಂದಿಗೆ ಅದನ್ನು ಆರಂಭಿಸಿದ. ಅಲ್ಲಿ ನವೆಂಬರ್ ಎಂದರೆ ಬೇಸಿಗೆಯ ಬಾಗಿಲು. ಉಣ್ಣೆಯ ಕೆಂಪು ಅಂಗಿ ತೊಟ್ಟ ಸಾಂತಾ ಬಿಸಿಲಿನಲ್ಲಿ ಸಾಗಿ ಅಂಗಡಿಯೊಳಗೆ ಕಟ್ಟಿದ ಮಾಯಾಗುಹೆಗೆ ಸೇರುತ್ತಿದ್ದ. ಮೆರವಣಿಗೆ ಸಾಗುವ ರಸ್ತೆಯುದ್ದಕ್ಕೂ ಅಂಚಿನಲ್ಲಿ ನೀಲಿ ಗೆರೆ ಎಳೆದಿರುತ್ತಾರೆ. ಮಕ್ಕಳು ಅದನ್ನು ದಾಟದೆ ಕೂರುವುದು ಆ ಊರಿನ ರೂಢಿ. ಮುಂದಿನ ವರ್ಷವೇ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಫಾರ್ಮರ್ಸ್ ಎಂಬ ಮಳಿಗೆ ಇಂಥದೇ ಮೆರವಣಿಗೆ ಹೊರಡಿಸಿತು.

ಒಡೆಯರು ಸೋತದ್ದು ಇದರ ನಂತರದ ಕಥೆ. ಎರಡನೆಯ ಮಹಾಯುದ್ಧದ ಬಳಿಕ ಜನ ನಗರದ ನಡುಭಾಗ ಬಿಟ್ಟು ಹೊರವಲಯದ ಬಡಾವಣೆಗಳಿಗೆ ಹೋದರು, ಅಲ್ಲಿ ಕಾರು ನಿಲ್ಲಿಸಲು ವಿಶಾಲ ಜಾಗವಿದ್ದ ಮಾಲ್‌ಗಳು ಎದ್ದವು, ಮೆರವಣಿಗೆಯನ್ನು ಟಿ.ವಿ. ಮನೆಯೊಳಗೇ ತಂದುಕೊಟ್ಟಿತು. ಹೀಗೆ ಕೊನೆಯ ಬಂಡಿಯ ಹಿಂದೆ ಗುಂಪು ಅಂಗಡಿಗೆ ನುಗ್ಗುವ ಕಾಲ ಹೋಗಿ, ಖರ್ಚು ಮಾತ್ರ ಅಂಗಡಿಯ ಲೆಕ್ಕದಲ್ಲಿ ಉಳಿಯಿತು. ಡೆಟ್ರಾಯಿಟಿನ ಹಡ್ಸನ್ ಮಳಿಗೆ ತನ್ನ ಮೆರವಣಿಗೆಯನ್ನು 1979ರಲ್ಲಿ ಕೈಬಿಟ್ಟಿತು. 1982ರಲ್ಲಿ ಈಟನ್ ತಾನು ಇನ್ನು ನಡೆಸಲಾರೆನೆಂದಾಗ ಜಾರ್ಜ್ ಕೋಹನ್, ರಾನ್ ಬಾರ್ಬರೊ ಮೊದಲಾದ ಉದ್ಯಮಿಗಳು ಸೇರಿ, ಹಲವು ಕಂಪನಿಗಳಿಂದ ವಂತಿಗೆ ಎತ್ತಿ, ಆ ವರ್ಷವೂ ಮೆರವಣಿಗೆ ತಪ್ಪದಂತೆ ನೋಡಿಕೊಂಡರು. ಗಿಂಬೆಲ್ ಮುಚ್ಚಿದ ಮೇಲೆ ಫಿಲಡೆಲ್ಫಿಯಾದ ಮೆರವಣಿಗೆ ಸ್ಥಳೀಯ ಟಿ.ವಿ. ವಾಹಿನಿಯ ಪಾಲಾಯಿತು. ಅಡಿಲೇಡಿನದನ್ನು 1990ರ ದಶಕದಲ್ಲಿ ಅಲ್ಲಿನ ರಾಜ್ಯ ಸರ್ಕಾರ ವಹಿಸಿಕೊಂಡಿತು. ಜಾನ್ ಮಾರ್ಟಿನ್ 1998ರಲ್ಲಿ ಬಾಗಿಲು ಹಾಕಿತು. ಈಟನ್ ತನ್ನ 130ನೆಯ ವರ್ಷದಲ್ಲಿ, 1999ರಲ್ಲಿ, ದಿವಾಳಿಯಾಯಿತು. ಈ ಊರುಗಳಲ್ಲೆಲ್ಲ ಸಾಂತಾ ಇಂದಿಗೂ ಬರುತ್ತಾನೆ. ಬಾಗಿಲು ತೋರಿಸಿಕೊಡಲೆಂದು ಹುಟ್ಟಿದ ಮೆರವಣಿಗೆ ಬಾಗಿಲು ಇಲ್ಲವಾದ ಮೇಲೂ ನಿಲ್ಲಲಿಲ್ಲ. ಜನ ನೆನಪಿಟ್ಟುಕೊಂಡದ್ದು ಬಾಗಿಲನ್ನಲ್ಲ, ಅಪ್ಪನ ಹೆಗಲ ಮೇಲೆ ಕೂತು ಕಾದ ಬೆಳಿಗ್ಗೆಯನ್ನು.

ಕರ್ನಾಟಕದಲ್ಲಿ ಅಂಗಡಿಯೊಂದು ಕ್ರಿಸ್‌ಮಸ್ ಹೊತ್ತಿಗೆ ವರ್ಷವರ್ಷವೂ ಜನರೆದುರು ಮಾಡಿದ ಪ್ರದರ್ಶನಕ್ಕೆ ಹತ್ತಿರದ ಉದಾಹರಣೆ ಬೆಂಗಳೂರಿನ ಕೇಕ್ ಶೋ. 1905ರಲ್ಲಿ ನೀಲಗಿರಿಯಲ್ಲಿ ಮುದಲಿಯಾರ್ ಮನೆತನದವರು ಆರಂಭಿಸಿದ ಹಾಲು–ಬೆಣ್ಣೆಯ ವ್ಯಾಪಾರ 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದು ನೀಲ್‌ಗಿರೀಸ್ ಎಂದು ಹೆಸರಾಯಿತು, ಮನೆತನದ ಸಿ. ರಾಮಚಂದ್ರನ್ ಬೇಕರಿ ವಿದ್ಯೆ ಕಲಿಸುವ ಸಂಸ್ಥೆಯನ್ನೂ ಕಟ್ಟಿದರು. ಸಕ್ಕರೆಯಿಂದ ಅರಮನೆ, ಗೋಪುರ, ಚರ್ಚುಗಳ ಪ್ರತಿರೂಪ ಕಟ್ಟಿ ಡಿಸೆಂಬರಿನಲ್ಲಿ ತೋರಿಸುವ ಪದ್ಧತಿ 1970ರ ದಶಕದ ನಡುವೆ ಹೀಗೆ ಆರಂಭವಾಯಿತು. 2014ರಲ್ಲಿ ನೀಲ್‌ಗಿರೀಸ್ ಬೇರೊಂದು ಕಂಪನಿಯ ಕೈಸೇರಿದರೂ ಬೇಕರಿ ಸಂಸ್ಥೆಯವರು ಪ್ರದರ್ಶನ ನಿಲ್ಲಿಸಲಿಲ್ಲ, 2024ರಲ್ಲಿ ಅದರ 50ನೆಯ ಆವೃತ್ತಿ ನಡೆಯಿತು. ಮೆರವಣಿಗೆಯಲ್ಲಿ ದೃಶ್ಯ ಜನರ ಮುಂದೆ ಹಾದುಹೋಗುತ್ತದೆ, ಇಲ್ಲಿ ಜನ ದೃಶ್ಯದ ಮುಂದೆ ಹಾದುಹೋಗುತ್ತಾರೆ. ಅಂಗಡಿ ಕೈಬದಲಾದರೂ ಆಟ ಉಳಿಯಿತೆಂಬ ವಿಷಯದಲ್ಲಿ ಮಾತ್ರ ಬೆಂಗಳೂರು ಟೊರಾಂಟೊದ ದಾರಿಯಲ್ಲೇ ನಡೆದಿದೆ.

ಆದರೆ ಕನ್ನಡ ನಾಡಿನಲ್ಲಿ ಮೆರವಣಿಗೆ ಎಂದೊಡನೆ ಕಣ್ಣಿಗೆ ಕಟ್ಟುವುದು ಕೇಕಲ್ಲ, ಅಂಬಾರಿ. ವಿಜಯನಗರದ ಮಹಾನವಮಿಯನ್ನು 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಂಡು ಬರೆದ. ಮುಂದೆ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಅದನ್ನು ಇನ್ನಷ್ಟು ವಿವರವಾಗಿ ಬಣ್ಣಿಸಿದ. ಆ ಸಾಮ್ರಾಜ್ಯ ಕುಗ್ಗಿದ ಮೇಲೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಹಬ್ಬವನ್ನು ಮುಂದುವರಿಸಿದರು. ಒಡೆಯ ಅಳಿದು ಮೆರವಣಿಗೆ ಉಳಿಯುವ ಕಥೆ ಇಲ್ಲಿ ಆಗಲೇ ಒಂದು ಸುತ್ತು ಮುಗಿಸಿತ್ತು ಎಂಬುದನ್ನು ಗಮನಿಸಬೇಕು. 1799ರ ನಂತರ ರಾಜಧಾನಿ ಮೈಸೂರಿಗೆ ಬಂತು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದರ್ಬಾರಿನ ಕಟ್ಟುಪಾಡುಗಳು ರೂಪುಗೊಂಡವು. ವಿಜಯದಶಮಿಯಂದು ಅರಸರು ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಕೂತು, ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ಸಾಗುವ ಜಂಬೂಸವಾರಿ ಹಬ್ಬದ ಶಿಖರವಾಯಿತು. ಇದರ ಅನುಕ್ರಮವೂ ಕೊನೆಯವನಿಗಾಗಿ ಕಾಯಿಸುವಂಥದೇ. ಬಾವುಟ ಹೊತ್ತ ನಿಶಾನೆ ಆನೆ ಮುಂದೆ, ನಗಾರಿ ಹೊತ್ತ ನೌಫತ್ ಆನೆ ಅದರ ಹಿಂದೆ, ಬಹಳ ಹೊತ್ತು ಮತ್ತೇನೇನೋ ಹಾದುಹೋದ ಬಳಿಕ ಎರಡು ಕುಮ್ಕಿ ಆನೆಗಳ, ಅಂದರೆ ಪಕ್ಕದಲ್ಲಿ ನಡೆದು ಧೈರ್ಯ ಕೊಡುವ ಹೆಣ್ಣಾನೆಗಳ, ನಡುವೆ ಅಂಬಾರಿ ಆನೆ.

ಮೈಸೂರಿನ ಮೆರವಣಿಗೆ ಅಂಗಡಿಯನ್ನು ದೂರವಿಟ್ಟಿರಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರಲ್ಲಿ, ದಸರೆಯ ಜೊತೆಗೆ ವಸ್ತುಪ್ರದರ್ಶನ ಸೇರಿತು. ದರ್ಬಾರು ನೋಡಲು ಹಳ್ಳಿಗಳಿಂದ ಬಂದವರ ಮುಂದೆ ಸಂಸ್ಥಾನದ ಕುಶಲ ವಸ್ತು, ಕೃಷಿ ಉಪಕರಣ, ಹೊಸ ಕೈಗಾರಿಕೆಗಳ ಮಾಲು ಇಡುವುದು ಅದರ ಆಲೋಚನೆ. ಈಟನ್ ಅಂಗಡಿಗೆ ಜನರನ್ನು ಸೆಳೆಯಲು ಮೆರವಣಿಗೆ ಕಟ್ಟಿದ; ಮೈಸೂರಿನ ಅರಸು ಮೆರವಣಿಗೆಗೆ ತಾನಾಗಿ ಬಂದ ಜನರೆದುರು ಅಂಗಡಿ ತೆರೆಯಿತು. ಮುಂದೆ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲೂ ಅದರ ನಂತರವೂ ಸಂಸ್ಥಾನ ತಾನೇ ಸಾಬೂನು, ರೇಷ್ಮೆ, ಕಬ್ಬಿಣ, ಕಾಗದಗಳ ತಯಾರಕನಾದಾಗ ಈ ಪ್ರದರ್ಶನಕ್ಕೆ ಇನ್ನೊಂದು ಅರ್ಥ ಬಂತು. ಅಂಬಾರಿಯಲ್ಲಿ ಕೂರುವವರೂ ಕಾರ್ಖಾನೆಯ ಒಡೆಯರೂ ಒಬ್ಬರೇ ಆದರು. ಇಂದು ದೊಡ್ಡಕೆರೆ ಮೈದಾನದಲ್ಲಿ ನಡೆಯುವ ಈ ವಸ್ತುಪ್ರದರ್ಶನ ದಸರೆ ಮುಗಿದು ವಾರಗಳು ಕಳೆದರೂ ತೆರೆದಿರುತ್ತದೆ. ಮೆರವಣಿಗೆ ಹಾದುಹೋಗುವ ಸಯ್ಯಾಜಿರಾವ್ ರಸ್ತೆ ಊರಿನ ಮುಖ್ಯ ಅಂಗಡಿಬೀದಿಯಾಗಿದ್ದು, ಅಂದು ಅಲ್ಲಿನ ಮಹಡಿಗಳು ವ್ಯಾಪಾರ ಬಿಟ್ಟು ನೋಡುಗರ ಅಟ್ಟಣಿಗೆಗಳಾಗುತ್ತವೆ.

ಅಂಬಾರಿ ಬರಿದಾಗುವ ಪ್ರಸಂಗ ಬಂದದ್ದು 1970ರ ಆಸುಪಾಸಿನಲ್ಲಿ. 1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನೂ, ಅಂದರೆ ಹಿಂದಿನ ಅರಸರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ವಾರ್ಷಿಕ ಮೊತ್ತವನ್ನೂ, ಅವರ ಬಿರುದು–ಮರ್ಯಾದೆಗಳನ್ನೂ ರದ್ದುಮಾಡಿತು. ಜಯಚಾಮರಾಜೇಂದ್ರ ಒಡೆಯರ ಸಾರ್ವಜನಿಕ ಸವಾರಿಯ ಕಾಲ ಮುಗಿಯಿತು. ಮೆರವಣಿಗೆಯೇ ಮುಗಿಯಬಹುದಾಗಿದ್ದ ಆ ಗಳಿಗೆಯಲ್ಲಿ ಕಂಡುಕೊಂಡ ದಾರಿ ತುಂಬ ಸರಳ: ಅರಸರು ಕೂರುತ್ತಿದ್ದ ಜಾಗದಲ್ಲಿ ಚಾಮುಂಡೇಶ್ವರಿಯನ್ನು ಕೂರಿಸಲಾಯಿತು. ಅರಸರ ಮನೆದೇವತೆ ಆಕೆ, ನಾಡಿನ ಜನರಿಗೆ ಬೆಟ್ಟದ ತಾಯಿ. ಆದ್ದರಿಂದ ಹಳೆಯ ಒಡೆಯರನ್ನು ಪೂರ್ತಿ ಮರೆಸಿದಂತೆಯೂ ಆಗಲಿಲ್ಲ, ಹೊಸ ಒಡೆಯನಾದ ಸರ್ಕಾರ ತಾನೇ ಅಂಬಾರಿ ಏರಿದಂತೆಯೂ ಆಗಲಿಲ್ಲ. ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡಿ ಕೆಳಗೆ ನಿಲ್ಲುತ್ತಾರೆ, ಕುಶಾಲತೋಪು ಹಾರುತ್ತದೆ, ಆನೆ ಹೊರಡುತ್ತದೆ. ಜಿಲ್ಲೆಗಳ, ಇಲಾಖೆಗಳ ಸ್ತಬ್ಧಚಿತ್ರಗಳು ಮುಂದೆ ಸಾಗುವುದರಿಂದ ಶಿವಮೊಗ್ಗ ಜಿಲ್ಲೆಯೂ ಚಕ್ರದ ಮೇಲೆ ಮೈಸೂರಿನ ಬೀದಿಯಲ್ಲಿ ಹಾದುಹೋಗುತ್ತದೆ. ಕೆನಡಾದ ಸಾಂತಾನ ಬಂಡಿ ಸುಮಾರು ಹನ್ನೆರಡು ವರ್ಷಗಳ ನಂತರ ಎದುರಿಸಿದ ಸಂಕಟದಲ್ಲಿ ಈ ತೊಡಕಿರಲಿಲ್ಲ. ಅಲ್ಲಿ ಒಡೆಯ ಎಂದೂ ಬಂಡಿ ಏರಿರಲಿಲ್ಲ, ಹಣ ಕೊಡುವವರು ಬದಲಾದರೂ ಕೂರುವವನು ಬದಲಾಗಬೇಕಿರಲಿಲ್ಲ.

ಮೆರವಣಿಗೆಯನ್ನು ನಿಜವಾಗಿ ಹೊತ್ತದ್ದು ಆನೆಗಳೇ ಆದ್ದರಿಂದ ಅವುಗಳ ತಾಲೀಮಿನ ಬಗ್ಗೆ ಎರಡು ಮಾತು ಸಲ್ಲುತ್ತವೆ. ಕಾಡಿನ ಶಿಬಿರಗಳಿಂದ ಗಜಪಯಣದಲ್ಲಿ ಮೈಸೂರಿಗೆ ಬಂದ ಆನೆಗಳ ಬೆನ್ನಿಗೆ ಮೊದಲು ಮರಳು ಮೂಟೆ ಹೇರಿ, ದಿನದಿಂದ ದಿನಕ್ಕೆ ತೂಕ ಏರಿಸಿ, ಮೆರವಣಿಗೆಯ ದಾರಿಯಲ್ಲೇ ನಡೆಸಿ, ಫಿರಂಗಿಯ ಸದ್ದಿಗೆ ಬೆದರದಂತೆ ಸಿಡಿಮದ್ದಿನ ತಾಲೀಮು ಕೊಡುತ್ತಾರೆ. ಬಲರಾಮ, ಅರ್ಜುನ ಎಂಬ ಹೆಸರುಗಳು ನಾಡಿನ ಮನೆಮಾತಾದದ್ದು ಈ ಕೆಲಸದಿಂದ. ಆ ಎರಡೂ ಆನೆಗಳು 2023ರಲ್ಲಿ ತೀರಿಕೊಂಡವು. 2020ರಿಂದ ಅಭಿಮನ್ಯು ಅಂಬಾರಿ ಹೊರುತ್ತಿದ್ದು, ಕೋವಿಡ್‌ನ ಎರಡು ವರ್ಷ ಅವನು ನಡೆದದ್ದು ಅರಮನೆಯ ಆವರಣದೊಳಗೆ ಮಾತ್ರ. ನ್ಯೂಯಾರ್ಕಿನಲ್ಲಿ ಮಕ್ಕಳು ಹೆದರುತ್ತಾರೆಂದು ಆನೆಯನ್ನು ಬಿಟ್ಟು ರಬ್ಬರ್ ಗೊಂಬೆ ತಂದರು, ಮೈಸೂರಿನಲ್ಲಿ ಆನೆಯೇ ಹೆದರದಂತೆ ಪಳಗಿಸಿದರು.

ಭದ್ರಾವತಿಯಲ್ಲಿ ಒಡೆತನದ ಈ ಪ್ರಶ್ನೆ ಬೇರೆ ರೂಪದಲ್ಲಿದೆ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲಿನಿಂದ 1923ರಲ್ಲಿ ಅಲ್ಲಿ ಕಬ್ಬಿಣ ಕರಗಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಊರಿಗೆ ಒಡೆಯನಾದ ಅರಸು ಹೋದ ಬಳಿಕ ರಾಜ್ಯ ಸರ್ಕಾರ, 1989ರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೇಂದ್ರದ ಉಕ್ಕು ಪ್ರಾಧಿಕಾರ, ಹೀಗೆ ಒಡೆತನ ದೂರದೂರಕ್ಕೆ ಸರಿಯುತ್ತ ಹೋಯಿತು. ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಆ ಕಬ್ಬಿಣ–ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವ ಕೈಗಳಿಗೆ ಯಂತ್ರ ನಿಂತುಹೋದರೆ ಹಬ್ಬವೂ ಅರ್ಧವಾಗುತ್ತದೆ. ಆದರೆ ಮರುದಿನದ ಮೆರವಣಿಗೆ ಅಲ್ಲಿ ಕಾರ್ಖಾನೆಯ ಲೆಕ್ಕದಲ್ಲಿಲ್ಲ, ನಗರಸಭೆಯ ಲೆಕ್ಕದಲ್ಲಿದೆ. ಈ ಒಂದು ವಿಷಯದಲ್ಲಿ ಭದ್ರಾವತಿ ಟೊರಾಂಟೊಗಿಂತ ಭದ್ರ.

ಶಿವಮೊಗ್ಗದ ದಸರೆಯ ಒಡೆತನವೂ ಹಾಗೆಯೇ ಪೌರಾಡಳಿತದ್ದು. ಮೊದಲು ನಗರಸಭೆ, ಈಗ ಮಹಾನಗರ ಪಾಲಿಕೆ. ಆಚರಣೆಯ ಹೊರರೂಪ ಮೈಸೂರಿನದು, ಸಾಮಗ್ರಿ ಮಾತ್ರ ಮಲೆನಾಡಿನದು. ಕೋಟೆಯ ಚಂಡಿಕಾ ದುರ್ಗಾಪರಮೇಶ್ವರಿ ದೇವಸ್ಥಾನ, ಕೆಳದಿಯ ಶಿವಪ್ಪ ನಾಯಕನ ಹೆಸರು ಹೊತ್ತು ಇಂದು ವಸ್ತುಸಂಗ್ರಹಾಲಯವಾಗಿರುವ ಅರಮನೆ, ತುಂಗೆಯ ಹಿನ್ನೀರಿನ ದಡದ ಸಕ್ರೆಬೈಲಿನಿಂದ ಬರುವ ಆನೆಗಳು, ಅವುಗಳಲ್ಲಿ ಹಲವು ವರ್ಷ ಬೆಳ್ಳಿ ಅಂಬಾರಿ ಹೊತ್ತ ಸಾಗರ. ಇಲ್ಲಿ ಅಂಬಾರಿಯಲ್ಲಿ ಮೊದಲಿನಿಂದಲೂ ದೇವಿಯೇ. ಮೈಸೂರು ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಕಳೆದು ತಲುಪಿದ ಜಾಗದಿಂದ ಶಿವಮೊಗ್ಗ ಹೊರಟಿತು; ಇಳಿಸಬೇಕಾದ ಅರಸ ಇಲ್ಲಿರಲಿಲ್ಲ, ಕೆಳದಿಯ ಅರಸುತನ ಹದಿನೆಂಟನೆಯ ಶತಮಾನದಲ್ಲೇ ಮುಗಿದಿತ್ತು. ಅಂಗಡಿಬೀದಿಗಳನ್ನು ಹಾದುಹೋಗುವ ಮೆರವಣಿಗೆಯಿಂದ ಗಾಂಧಿ ಬಜಾರಿಗೆ ಸಿಗುವ ಲಾಭ ಹಬ್ಬದ ಹಿಂದಿನ ದಿನಗಳ ಹೂವು, ಹಣ್ಣು, ಬೂದುಗುಂಬಳ, ಬಟ್ಟೆಯ ವ್ಯಾಪಾರ ಮಾತ್ರ; ಮೆರವಣಿಗೆ ಬರುವಾಗ ಬಹುತೇಕ ಅಂಗಡಿಯವರು ಬಾಗಿಲೆಳೆದು ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಅಂಗಡಿ ಹೊರಡಿಸಿದ ಮೆರವಣಿಗೆಗೂ ಅಂಗಡಿಯ ಮುಂದೆ ಸಾಗುವ ಮೆರವಣಿಗೆಗೂ ಇರುವ ವ್ಯತ್ಯಾಸ ಆ ಎಳೆದ ಬಾಗಿಲಿನಲ್ಲಿದೆ.

ಇನ್ನು ಈ ಮೆರವಣಿಗೆ ಮುಟ್ಟುವ ಬಾಗಿಲು ಯಾವುದು ಎಂಬ ಪ್ರಶ್ನೆಗೆ ಉತ್ತರ ಊರಿನ ಹಳೆಯ ಜೈಲಿನಲ್ಲಿದೆ. ಊರಿನ ನಡುವೆ ಎತ್ತರದ ಗೋಡೆಯೊಳಗಿದ್ದ ಜೈಲು ಹೊರವಲಯದ ಸೋಗಾನೆಗೆ ಸ್ಥಳಾಂತರವಾಯಿತು. ತೆರವಾದ ಹಳೆಯ ಜೈಲಿನ ಆವರಣ ಫ್ರೀಡಂ ಪಾರ್ಕ್ ಎಂದಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕ ಆ ಮೈದಾನಕ್ಕೆ ಬಳ್ಳಿಗಾವಿಯ ವಚನಕಾರ ಅಲ್ಲಮಪ್ರಭುವಿನ ಹೆಸರಿಡುವ ಘೋಷಣೆಯೂ ಅಲ್ಲಿಯೇ ಆಯಿತು. ರಸ್ತೆಗೆ ಮಾತ್ರ ಜನ ಇಂದಿಗೂ ಜೈಲ್ ರಸ್ತೆ ಎಂದೇ ಹೇಳುತ್ತಾರೆ. ವಿಜಯದಶಮಿಯ ಸಂಜೆ ಮೆರವಣಿಗೆ ಸೇರುವುದು ಈ ಮೈದಾನಕ್ಕೆ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧ ಬಚ್ಚಿಟ್ಟರೆಂಬ ಶಮೀವೃಕ್ಷದ ನೆನಪಿಗೆ ತಹಶೀಲ್ದಾರರು ಇಲ್ಲಿ ಬನ್ನಿ ಕಡಿಯುತ್ತಾರೆ, ಜನ ಎಲೆ ಕಿತ್ತು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಅರಸನು ಮಾಡುತ್ತಿದ್ದ ಕೆಲಸ ಕಂದಾಯ ಇಲಾಖೆಯ ಅಧಿಕಾರಿಗೆ, ಮೈಸೂರಿನ ಬನ್ನಿಮಂಟಪದ ಪಾತ್ರ ಹಳೆಯ ಜೈಲಿನ ಅಂಗಳಕ್ಕೆ, ಕೊನೆಗೆ ಕೈಗೆ ಸಿಗುವ ಬಂಗಾರ ಬೆಲೆಚೀಟಿಯಿಲ್ಲದ ಎಲೆಗೆ ಬಂದಿದೆ.

2023ರಲ್ಲಿ ಈ ಮೆರವಣಿಗೆಗೆಂದು ಸಕ್ರೆಬೈಲಿನಿಂದ ಶಿವಮೊಗ್ಗಕ್ಕೆ ಕರೆತಂದಿದ್ದ ನೇತ್ರಾವತಿ ಎಂಬ ಹೆಣ್ಣಾನೆ, ಮೆರವಣಿಗೆಗೆ ಮುನ್ನ ಊರಿನೊಳಗೇ ಮರಿ ಹಾಕಿತು. ಅಂಬಾರಿ ದೇವಿಯದು, ಖರ್ಚು ಪಾಲಿಕೆಯದು, ರಸ್ತೆ ಎಲ್ಲರದು. ಆನೆ ಅರಣ್ಯ ಇಲಾಖೆಯದಾದ್ದರಿಂದ ಮರಿ ಮಾತ್ರ ಆ ಇಲಾಖೆಯ ಲೆಕ್ಕಕ್ಕೆ ಸೇರಿತು.